ಒಂದು ಮೆಟ್ಟಿಲು ಜೋರು

೩ ಫೆಬ್ರುವರಿ, ಸೋಮವಾರ

ಮಾನ್ಯ ಅಧ್ಯಕ್ಷರಾದ ಸೋಲ್ಡರಿಂಗ್ ಸ್ಟೇಶನ್ನರೇ, ವೇದಿಕೆಯನ್ನು ಅಲಂಕರಿಸಿರುವ ಸುಟ್ಟ ಟ್ರಾನ್ಸ್‌ಫಾರ್ಮರುಗಳೇ, ಮುಂದಿನ ಸಾಲಿನ ಹರಿದ ಸ್ಪೀಕರುಗಳೇ, ಹಿಂದೆ ನಿಂತುಕೊಂಡೇ ಕೇಳುತ್ತಿರುವ ಜಿರಳೆ ಬಾಂಧವರೇ... ನಿಮ್ಮೆಲ್ಲರ ಅಪ್ಪಣೆ ಪಡೆದು ಎರಡು ಮಾತು. ಎರಡು ಅಂದರೆ ಭಾಷಣಕಾರರ ಎರಡು.

ಬೆಳಿಗ್ಗೆ ಷಟರ್ ಎತ್ತಿದೆ. ಕಸ ಹೊಡೆದೆ. ವಹಾಬ ಬಂದ. ಅರ್ಧರ್ಧ ಚಹಾ.

ಸಂಸ್ಥೆಯ ಪರಿಚಯ: ಬಿ.ವಿ. ಸೌಂಡ್ಸ್, ಟಿಳಕವಾಡಿ, ಒಂದನೇ ರೈಲ್ವೆ ಗೇಟಿನ ಬಾಜು. ಬಿ ಅಂದರೆ ನಾನು, ಬಿಂದುಮಾಧವ. ವಿ ಅಂದರೆ ವಹಾಬ. ಬಿ.ಎಸ್ಸಿ. ಲ್ಯಾಬಿನಲ್ಲಿ ಒಂದೇ ಟೇಬಲ್ಲಿಗೆ ಕೂತವರು, ಈಗಲೂ ಅದೇ ಕಥೆ. ಮದುವೆ ಮಂಟಪ, ಮಸೀದಿ, ಭಜನಿ ಮಂಡಳಿ — ಎಲ್ಲರಿಗೂ ಆಂಪ್ಲಿಫೈಯರ್ ಮಾಡಿ ಕೊಡುತ್ತೇವೆ. ದೇವರು ಬೇರೆ ಬೇರೆ, ವ್ಯಾಟು ಒಂದೇ.

ಇವತ್ತು ಖಾನಾಪುರದಿಂದ ಗುರುಪಾದಪ್ಪನವರು ಬಂದಿದ್ದರು. ಗುಂಜಿಯಲ್ಲಿ ಸ್ಟೇಶನ್ ಮಾಸ್ತರರಾಗಿದ್ದು ರಿಟೈರ್ ಆದವರು. ಜೊತೆಗೆ ಸೊಸೆ ಪ್ರಮಿಳಾ. ನಾವೇ ಮಾಡಿಕೊಟ್ಟ ಆಂಪ್ಲಿಫೈಯರ್ ಅವರ ಮನೆಯಲ್ಲಿದೆ. ಸಂಜೆ ಕೂತು ಹಾಡು ಕೇಳುವುದೊಂದೇ ಚಟ. ಈಗ ಸಂಧಿವಾತ. ಬೆರಳು ಮಡಚಲು ಬರುವುದಿಲ್ಲ. ವಾಲ್ಯೂಮಿನ ಗುಂಡಿ ನುಣುಪು, ಕೈಗೆ ಸಿಗುವುದಿಲ್ಲ. ಏರಿಸಬೇಕೆಂದರೆ ಪ್ರಮಿಳಾ, ಇಳಿಸಬೇಕೆಂದರೆ ಪ್ರಮಿಳಾ. ಆಕೆ ಒಂದು ಸಲವೂ ಮುಖ ಗಂಟಿಕ್ಕದೆ ಬರುತ್ತಾಳಂತೆ. ಇವರಿಗೆ ಅದೇ ಸಂಕಟ.

"ಒಂದ ಆಲಾಪಕ್ಕ ನಾಕ ಸರತೆ ಒದರಬೇಕ್ರೀ. ಆಕಿ ರೊಟ್ಟಿ ಬಡಿಯೂದು ಬಿಟ್ಟು ಬರಬೇಕು. ಹಂಗಾಗಿ ಕೇಳೂದ ಬಿಟ್ಟೀನಿ ಈಗ."

ಅಗಲವಾದ ಬಟನ್ ಎರಡು ಸಾಕು. ಮುಷ್ಟಿಯಿಂದ ಒತ್ತುವಂಥವು. ಒಂದು ಏರಲು, ಒಂದು ಇಳಿಯಲು. ಒಳಗೆ ಡಿಜಿಟಲ್ ಕಂಟ್ರೋಲ್. ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ವಹಾಬ, "ನಮ್ಮ ಶೈಸ್ತಾ ಮಾಡತಾಳ್ರೀ," ಅಂದ.

ಶೈಸ್ತಾ ವಹಾಬನ ಮಗಳು. ಇಂಜಿನಿಯರಿಂಗ್ ಮುಗಿಸಿ ದೀಪಾವಳಿಯಿಂದ ಅಂಗಡಿಗೆ ಬರುತ್ತಿದ್ದಾಳೆ. ಆಕೆಗೆ ಸೋಲ್ಡರಿಂಗ್ ಕಲಿಸಿದವ ನಾನು — ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ ಆಗ. ಸಭೆ ಇದನ್ನು ಗಮನಿಸಬೇಕು.

"ನಾನೂ ಒಂದು ಮಾಡತೀನಿ," ಅಂದೆ. ಯಾಕಂದೆನೋ.

ವಹಾಬನಿಗೆ ಖುಷಿ. ಎರಡೂ ಆಗಲಿ, ಚಾದರದ ಹಿಂದೆ ಇಟ್ಟು ಕೇಳೋಣ, ಗೆದ್ದದ್ದು ಖಾನಾಪುರಕ್ಕೆ ಹೋಗಲಿ, ಮುಂದೆ ನಮ್ಮ ಎಲ್ಲ ಪೆಟ್ಟಿಗೆಗೂ ಅದೇ — ಅಂತ ತೀರ್ಮಾನ ಕೊಟ್ಟೇಬಿಟ್ಟ.

ತಿರುವೋ ಗುಂಡಿಗೆ ವಯಸಾತು,
ಒತ್ತೋ ಬಟನ್ನಿಗೆ ಮನಸಾತು.

ಪ್ರಾಸ ಕೂಡಿತು. ಇವತ್ತು ಕೂಡಿದ್ದು ಅದೊಂದೇ.

೫ ಫೆಬ್ರುವರಿ

ಸಭಿಕರಿಗಾಗಿ ಸರಳ ವಿವರಣೆ.

ಕಿವಿ ಮಹಾ ಜಿಪುಣ. ಹತ್ತು ಪಟ್ಟು ಪವರ್ ಕೊಟ್ಟರೆ, ಹೂಂ, ಎರಡು ಪಟ್ಟಾತು ನೋಡ್ರಿ, ಅನ್ನುತ್ತದೆ. ಅದಕ್ಕೇ ವಾಲ್ಯೂಮನ್ನು ಕಿವಿಯ ಲೆಕ್ಕದಲ್ಲಿ ಏರಿಸಬೇಕು, ಪುಸ್ತಕದ ಲೆಕ್ಕದಲ್ಲಿ ಅಲ್ಲ. ಆ ಲೆಕ್ಕಕ್ಕೆ ಡೆಸಿಬೆಲ್ ಅಂತ ಹೆಸರು. ಅಂಗಡಿಯಲ್ಲಿ ನಾವು ಡೀಬೀ ಅನ್ನುತ್ತೇವೆ.

ನನ್ನದು ಆರು ರಿಲೇ, ಅಂದರೆ ಕರೆಂಟು ಕೊಟ್ಟರೆ ಹಿಡಿಯುವ, ತೆಗೆದರೆ ಬಿಡುವ ಸ್ವಿಚ್ಚು. ಒಂದೊಂದು ರಿಲೇಗೂ ಅದರದೇ ರೆಸಿಸ್ಟರುಗಳು. ಮೊದಲನೆಯದು ಹಿಡಿದರೆ ಸದ್ದು ಒಂದು ಡೀಬೀ ತಗ್ಗುತ್ತದೆ. ಎರಡನೆಯದು ಎರಡು. ಆಮೇಲೆ ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಬೇಕಾದಂತೆ ಕೂಡಿಸಿಕೊಂಡರೆ ಒಂದೊಂದೇ ಡೀಬೀಯ ಮೆಟ್ಟಿಲು. ಬಟನ್ ಒತ್ತಿದರೆ ಪುಟ್ಟ ಪ್ರೊಸೆಸರ್ ಲೆಕ್ಕ ಮಾಡಿ ಯಾರು ಹಿಡಿಯಬೇಕು, ಯಾರು ಬಿಡಬೇಕು ಹೇಳುತ್ತದೆ. ಟಿಕ್. ಟಿಕ್. ಹಾಡಿನ ದಾರಿಯಲ್ಲಿ ಬರೀ ರೆಸಿಸ್ಟರು. ಪೂರ್ತಿ ಮಡಿ.

ಶೈಸ್ತಾಳದು ಒಂದೇ ಚಿಪ್ಪು, ಉಗುರಿನಷ್ಟು. ಹಾಡಿನ ಅಲೆ ಸೊನ್ನೆಗೆ ಇಳಿಯುವ ಕ್ಷಣಕ್ಕಾಗಿ ಕಾಯುತ್ತದೆ. ಇಳಿಯಿತೋ, ಸದ್ದಿಲ್ಲದೆ ಮೆಟ್ಟಿಲು ಬದಲಿಸುತ್ತದೆ. ಕಳ್ಳನ ಹೆಜ್ಜೆ.

ನಾನು ಕನ್ನಡ ಸಾಲಿಯಲ್ಲಿ 'ವಿಭವಾಂತರ' ಓದಿದವ. ಆಕೆ 'ವೋಲ್ಟೇಜ್' ಓದಿದಾಕೆ. ಮುಟ್ಟಿದರೆ ಎರಡೂ ಒಂದೇ ನಮೂನಿ ಹೊಡೆಯುತ್ತವೆ.

"ಕಾಕಾ, ನಿಮ್ಮ ಬೋರ್ಡು ಗೂಡ್ಸ್ ಗಾಡಿ ಆಗಾಕತ್ತೈತಿ," ಅಂದಳು.

ನಿನ್ನದು ಕೆಳಗ ಬಿದ್ದರ ಹುಡುಕಾಕ ಭೂತಗನ್ನಡಿ ತರಬೇಕು, ಅಂದೆ ನಾನು. ವಹಾಬ ಇಬ್ಬರ ಮಾತಿಗೂ ನಕ್ಕ. ಆಕೆಯ ಮಾತಿಗೆ ತುಸು ಹೆಚ್ಚು. ನನ್ನ ಕಿವಿಯ ಲೆಕ್ಕದಲ್ಲಿ ಮೂರು ಡೀಬೀ ಹೆಚ್ಚು.

೯ ಫೆಬ್ರುವರಿ, ರವಿವಾರ. ಮನೆ

ನಮ್ಮ ಮಹಾಂತೇಶ ನಗರ ರವಿವಾರ ಸತ್ತು ಬಿದ್ದಿರುತ್ತದೆ. ಊಟದ ಟೇಬಲ್ ಮೇಲೆ ರಿಲೇ ಹಚ್ಚುತ್ತ ಕೂತಿದ್ದೆ. ಹೆಂಡತಿ ಕುಂದಾ ಕಿಟಕಿ ತೆರೆದಳು, ಫ್ಯಾನ್ ಹಾಕಿದಳು, ಆದರೂ ಮನೆತುಂಬ ರಾಳದ ಹೊಗೆ.

ರವಿವಾರ ವಹಾಬನ ಫೋನ್ ಬರುವುದು ವಾಡಿಕೆ. ಏನೂ ಕೆಲಸವಿಲ್ಲದೆ. "ಲೇ ಬಿಂದ್ಯಾ, ಒಂದು ಐಡಿಯಾ ಬಂತು," ಅಂತ ಸುರುವಾಗಿ ಸಾರಿಗೆ ಉಪ್ಪು ಕಡಿಮೆ ಅನ್ನುವಲ್ಲಿಗೆ ಮುಗಿಯುತ್ತದೆ. ಹನ್ನೆರಡಾದರೂ ಬರಲಿಲ್ಲ. ನಾನೇ ಮಾಡಿದೆ. ಎತ್ತಿದವಳು ಶೈಸ್ತಾ. ಅಬ್ಬಾ ಸ್ಕೋಪಿನ ಮುಂದ ಕುಂತಾರ್ರೀ ಕಾಕಾ, ಅಂದಳು. ಹಿಂದೆ ಆತನ ನಗೆ. ಸದ್ದಿನ ಅಲೆ ತೋರಿಸುವ ಆ ಯಂತ್ರವನ್ನು ಮನೆಗೆ ಒಯ್ದಿದ್ದಾರೆ. ಅಪ್ಪ ಮಗಳು ಕೂತು ಅಲೆ ನೋಡುತ್ತಿದ್ದಾರೆ. ನಮ್ಮಿಬ್ಬರ ಸ್ಕೋಪು.

ಏನೂ ಇಲ್ಲ ಬೇಟಾ, ಸುಮ್ಮನ ಮಾಡಿದ್ದೆ, ಅಂತ ಇಟ್ಟೆ.

ಊಟಕ್ಕೆ ಕೂತಾಗ ಕುಂದಾ, "ಆ ಹುಡುಗಿ ಅಂಗಡಿಗಿ ಬಂದಾಗಿಂದ ನಿಮ್ಮ ಊಟ ಕಡಿಮಿ ಆಗೇತಿ," ಅಂದಳು.

"ಹೊಟ್ಟಿ ತುಂಬಿರತೈತಿ."

"ಯಾತರಿಂದ?"

ಪಲ್ಯ ಚೆನ್ನಾಗಿದೆ ಅಂದೆ. ಆಕೆ ಇನ್ನೂ ಬಡಿಸಿರಲಿಲ್ಲ.

೧೪ ಫೆಬ್ರುವರಿ

ನನ್ನ ಬೋರ್ಡು ಹಾಡಿತು. ಏರಿಸಿದೆ, ಇಳಿಸಿದೆ. ಟಿಕ್ ಟಿಕ್ ಟಿಕ್. ವಹಾಬ ಬೆನ್ನು ತಟ್ಟಿದ. ಅಷ್ಟೇ ಸಾಕಾಗಿತ್ತು ಇವತ್ತಿಗೆ. ಆದರೆ ಶೈಸ್ತಾಳೂ ಬಂದು ಬಟನ್ ಒತ್ತಿದಳು. ಏರಿಸಿ, ಇಳಿಸಿ, ಒಂದು ಕಡೆ ನಿಂತಳು. ಅಲ್ಲೇ ಹಿಂದೆ ಮುಂದೆ ಮಾಡಿದಳು.

"ಕಾಕಾ, ಇಲ್ಲಿ ಢಪ್ ಅಂತೈತಿ ನೋಡ್ರಿ."

ಅನ್ನುತ್ತದೆ. ಮೂವತ್ತೊಂದರ ಮೆಟ್ಟಿಲಿನಲ್ಲಿ ಐದು ರಿಲೇ ಹಿಡಿದಿರುತ್ತವೆ. ಮೂವತ್ತೆರಡಕ್ಕೆ ಹೋಗಬೇಕೆಂದರೆ ಐದೂ ಬಿಡಬೇಕು, ಆರನೆಯದು ಹಿಡಿಯಬೇಕು. ಬಿಡುವುದು ಬೇಗ, ಹಿಡಿಯುವುದು ತಡ. ನಡುವೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಯಾರೂ ಹಿಡಿದಿರುವುದಿಲ್ಲ. ಸದ್ದು ಪೂರ್ತಿ ನುಗ್ಗುತ್ತದೆ.

ಆಕೆ ಇದನ್ನೆಲ್ಲ ನನಗೇ ವಿವರಿಸಿದಳು. ಮೆತ್ತಗೆ, ಮರ್ಯಾದೆಯಿಂದ. ಮೊದಲು ಹಿಡಿಯಲು ಹೇಳಿ, ಚೂರು ತಡೆದು, ಆಮೇಲೆ ಬಿಡಲು ಹೇಳಿದರೆ ಸರಿಹೋದೀತು, ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು, ನಾನು ಬರಿಯಲೇನು ಅಂದಳು.

"ರಿಲೇ ಅಂದ ಮ್ಯಾಲ ಸ್ವಲ್ಪ ಸದ್ದು ಇರತೈತಿ ಬೇಟಾ. ಅದು ಅದರ ಗುಣ," ಅಂದೆ.

ಆಕೆ ಬಿಟ್ಟಳು.

ಆಕೆ ಹೇಳದೆ ಇದ್ದಿದ್ದರೆ ಸಂಜೆಯೊಳಗೆ ನಾನೇ ಸರಿ ಮಾಡುತ್ತಿದ್ದೆ. ಈಗ ಹೇಗೆ ಮಾಡಲಿ? ಮಾಡಿದರೆ ಅದು ಆಕೆಯ ನಾಲ್ಕು ಸಾಲು.

ಆಕೆಯ ಬೋರ್ಡನ್ನೂ ಕೇಳಿದೆ. ಒತ್ತಿದೆ. ಏನೂ ಆಗಲಿಲ್ಲ. ಬರೀ ಹಾಡು ಹತ್ತಿರ ಬಂತು, ದೂರ ಹೋಯಿತು. ತಕರಾರು ತೆಗೆಯಲು ಜಾಗವೇ ಇಲ್ಲ. ಇಂಥದು ಯಾರಿಗೆ ಬೇಕು.

ಹೊಗಳುವಾಗ ಹಲ್ಲು ಕಿಸಿದೆ,
ಹೊರಗೆ ಬಂದು ಹಲ್ಲು ಮಸೆದೆ.

೨೨ ಫೆಬ್ರುವರಿ, ಶನಿವಾರ

ನಾಳೆ ಚಾದರ.

ಇದು ನಮ್ಮ ಕಾಲೇಜಿನ ಕಾಲದ ಪದ್ಧತಿ. ಎರಡು ಸರ್ಕೀಟ್ ಇದ್ದರೆ ಹಗ್ಗಕ್ಕೆ ಚಾದರ ಕಟ್ಟಿ ಹಿಂದೆ ಇಡುವುದು. ಒಬ್ಬರು ಹಿಂದೆ ನಿಂತು ಒಮ್ಮೆ ಎ, ಒಮ್ಮೆ ಬಿ ಮಾಡುವುದು. ಕೇಳುವವರು ಕಣ್ಣು ಮುಚ್ಚಿ ಕೈ ಎತ್ತುವುದು. ಮುಖ ನೋಡಿ ವೋಟು ಹಾಕುವಂತಿಲ್ಲ.

ನಿಯಮ ಒಂದೇ. ಎರಡರ ಸದ್ದೂ ಮೀಟರಿನಲ್ಲಿ ಸಮ ಇರಬೇಕು. ಯಾಕೆಂದರೆ ಕಿವಿಗೆ ಜೋರಿದ್ದದ್ದೇ ಚೆಂದ. ಕೂದಲೆಳೆಯಷ್ಟು ಜೋರಿದ್ದರೂ ಅದು ಜೋರು ಅಂತ ಯಾರಿಗೂ ತಿಳಿಯುವುದಿಲ್ಲ — ಇದರಲ್ಲಿ ಜೀವ ಐತಿ, ಅನ್ನುತ್ತಾರೆ. ನಮ್ಮ ಧಂದೆಯವರಿಗೆಲ್ಲ ಗೊತ್ತಿರುವ ಮಾತು.

ಮೀಟರ್ ಯಾರ ಕೈಯಲ್ಲಿ? ಶೈಸ್ತಾ ತನ್ನ ತಂದೆಯ ಕಡೆ ನೋಡಿದಳು. "ಬಿಂದೂನ ಕಡೆ ಇರಲಿ," ಅಂದ ವಹಾಬ. "ಅಂವ ನಮ್ಮ ಹೈಕೋರ್ಟು."

ಇನ್ನೊಂದು ಸೂಚನೆ ನಾನೇ ಕೊಟ್ಟೆ: ಕೇಳುವಾಗ ಯಾರೂ ಏರಿಸುವುದು ಇಳಿಸುವುದು ಬೇಡ, ಒಂದೇ ಮಟ್ಟದಲ್ಲಿ ಕೇಳೋಣ, ಇಲ್ಲದಿದ್ದರೆ ಗೊಂದಲ. ಇಬ್ಬರೂ ಹೂಂ ಅಂದರು. ವಾಲ್ಯೂಮ್ ಕಂಟ್ರೋಲಿನ ಪರೀಕ್ಷೆ, ವಾಲ್ಯೂಮ್ ಯಾರೂ ಮುಟ್ಟುವಂತಿಲ್ಲ. ಕಲಿತವರು ಮೂವರಿದ್ದೆವು. ಮೂವರಿಗೂ ವಿಚಿತ್ರ ಅನ್ನಿಸಲಿಲ್ಲ.

೨೩ ಫೆಬ್ರುವರಿ, ರವಿವಾರ

ಸಭಿಕರೇ, ಫಲಿತಾಂಶ.

ಹತ್ತು ಗಂಟೆಗೆ ಗುರುಪಾದಪ್ಪ, ಪ್ರಮಿಳಾ ಬಂದರು. ಕುಂದಾ ತಿನ್ನಲು ಡಬ್ಬಿ ತುಂಬ ಚುನಮುರಿ ತಂದಿದ್ದಳು. ಮೀಟರ್ ಹಚ್ಚಿ ಎರಡೂ ಬೋರ್ಡು ಸಮ ಮಾಡಿದೆ. ಕೂದಲೆಳೆ ವ್ಯತ್ಯಾಸವಿಲ್ಲ. ವಹಾಬನಿಗೆ ತೋರಿಸಿದೆ. ಆತ ನೋಡಲೇ ಇಲ್ಲ. "ನೀ ಮಾಡಿದ ಮ್ಯಾಲ ನೋಡೂದೇನೈತಿ," ಅಂದು ಚಹಾ ಹೇಳಲು ಹೊರಗೆ ಹೋದ. ಶೈಸ್ತಾ ಗುರುಪಾದಪ್ಪನವರಿಗೆ ಕುರ್ಚಿ ಹಾಕುತ್ತಿದ್ದಳು.

ಆತ ನೋಡಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ.

ನನ್ನ ಬೋರ್ಡಿನ 'ಏರು' ಬಟನ್ ಒತ್ತಿದೆ. ಒಂದು ಸಲ. ಟಿಕ್. ಹೊರಗೆ ಗೇಟ್ ಹಾಕಿತ್ತು, ಗಾಡಿಗಳ ಹಾರ್ನು. ಯಾರಿಗೂ ಕೇಳಲಿಲ್ಲ.

ಒಂದೇ ಒಂದು ಡೀಬೀ,
ಹಿಡಿಯಾಕ ಬರತಾರೇನು ಸೀಬೀ-
ಐ?

ಶೈಸ್ತಾ ಚಾದರದ ಹಿಂದೆ ಹೋದಳು. ಗುರುಪಾದಪ್ಪ ತಂದ ವಿಲಂಬಿತ ಖ್ಯಾಲಿನ ರೆಕಾರ್ಡಿಂಗ್ ಹಚ್ಚಿದೆವು. ಎ. ಬಿ. ಮತ್ತೆ ಎ. ನಾಲ್ಕು ಜನ ಕಣ್ಣು ಮುಚ್ಚಿ ಕೂತಿದ್ದರು. ಎಣಿಸುವವ ನಾನು, ಕಣ್ಣು ತೆರೆದೇ ಇದ್ದೆ.

ಬಿ-ಗೆ ಯಾರು ಅಂದಾಗ ಗುರುಪಾದಪ್ಪನವರ ಸೊಟ್ಟ ಕೈ ಮೊದಲು ಎದ್ದಿತು. "ಇದರಾಗ ಹಾಡಾಂವ ಎದುರಿಗಿ ಬಂದು ಕುಂತಂಗ ಆಗತೈತ್ರೀ." ಪ್ರಮಿಳಾ ಎತ್ತಿದಳು. ಕುಂದಾ ಎತ್ತಿದಳು. ಕೊನೆಗೆ ವಹಾಬ. ಮೆಲ್ಲಗೆ, ಆದರೆ ಪೂರ್ತಿ. ಬಿ ಯಾರದೆಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಮಗಳ ವಿರುದ್ಧ ಎದ್ದ ಆ ಕೈ ನೋಡಿ ನನಗಾದ ಸುಖ... ಯಾವ ಪ್ರಾಸಕ್ಕೂ ಹಿಡಿಯುವಂಥದಲ್ಲ.

ಚಾದರ ಸರಿಸಿದೆವು. ಬಿ, ಬಿಂದುಮಾಧವ. ಶೈಸ್ತಾ ಮೊದಲು ಕೈ ಕೊಟ್ಟಳು. "ನಿಮ್ಮದ ಛಲೋ ಐತ್ರೀ ಕಾಕಾ. ನನಗೂ ಹಿಂದ ನಿಂತು ಹಂಗ ಅನಿಸ್ತು."

ಬರುವಾಗ ಸ್ಕೂಟರಿನ ಹಿಂದೆ ಕುಂದಾ: "ನನಗ ಎರಡೂ ಒಂದ ಅನಿಸಿದ್ವು. ಒಂದು ಚೂರು ಜೋರಿತ್ತು, ಅದಕ್ಕ ಎತ್ತಿದೆ."

ರಸ್ತೆಯ ಗುಂಡಿ ಕಾಣಿಸಲಿಲ್ಲ. ಇಬ್ಬರೂ ಎಗರಿ ಕೂತೆವು.

೨೬ ಫೆಬ್ರುವರಿ

ಪೆಟ್ಟಿಗೆ ಖಾನಾಪುರಕ್ಕೆ ಹೋಯಿತು. ಎರಡು ದೊಡ್ಡ ಬಟನ್, ಹಸಿರು ಮತ್ತು ಕೆಂಪು.

ಶೈಸ್ತಾ ಮೂರು ದಿನದಿಂದ ಬಂದಿಲ್ಲ. ಮನೆಯಲ್ಲಿ ಬೋರ್ಡು ಬಿಚ್ಚಿಕೊಂಡು ಕೂತಿದ್ದಾಳಂತೆ. ಎಲ್ಲೋ ತಪ್ಪಾಗಿದೆ, ಸಿಗುತ್ತಿಲ್ಲ ಅನ್ನುತ್ತಿದ್ದಾಳಂತೆ. ವಹಾಬ ನನ್ನ ಬಾಜು ಬಂದು ಕೂತ. ಮೊದಲಿನಂತೆ. ಸಾರಿನ ಮಾತು ಬಂತು, ಉಪ್ಪಿನ ಮಾತು ಬಂತು. ಇಡೀ ಮಧ್ಯಾಹ್ನ ಒಂದೇ ಟೇಬಲ್ಲು, ನಾವಿಬ್ಬರೇ.

ಚೆನ್ನಾಗಿತ್ತು. ಆತ ನಡುನಡುವೆ ಫೋನ್ ತೆಗೆದು ನೋಡುತ್ತಿದ್ದ, ಅಷ್ಟು ಬಿಟ್ಟರೆ.

೫ ಮಾರ್ಚ್

ರಂಜಾನ್ ಸುರುವಾಗಿದೆ. ಅಂಗಡಿಯಲ್ಲಿ ಹಗಲು ಚಹಾ ಇಲ್ಲ. ಆತ ಕುಡಿಯದಾಗ ನಾನೂ ಕುಡಿಯುವುದಿಲ್ಲ — ಹೇಳಿ ಮಾಡಿದ್ದಲ್ಲ, ಮೊದಲ ವರ್ಷದಿಂದ ಹಾಗೇ ನಡೆದುಬಂದಿದೆ. ತಲೆನೋವು ಮಾತ್ರ ನನ್ನೊಬ್ಬನ ಪಾಲಿಗೆ.

ಪ್ರಮಿಳಾಳ ಫೋನ್ ಬಂತು. ಎತ್ತಿದವಳು ಶೈಸ್ತಾ, ಇವತ್ತೇ ಮತ್ತೆ ಬಂದಿದ್ದಳು. ಸ್ಪೀಕರ್ ಹಾಕಿದಳು.

ಮೊದಲ ಮೂರು ದಿನ ಮಾವ ಖುಷಿಯಲ್ಲಿದ್ದರಂತೆ. ತಾವೇ ಏರಿಸುವುದು, ತಾವೇ ಇಳಿಸುವುದು. ರೊಟ್ಟಿ ಬಡಿಯುವಾಗ ಒಮ್ಮೆಯೂ ಕರೆಯಲಿಲ್ಲವಂತೆ. ಆಮೇಲೆ ಒಂದು ಸಂಜೆ ಸ್ವಲ್ಪ ಇಳಿಸಲು ಹೋದರೆ ಢಪ್ ಅಂತ ಮನೆ ನಡುಗಿತಂತೆ. ಎದೆ ಹಿಡಿದುಕೊಂಡು ಕೂತರಂತೆ. ಡಾಕ್ಟರು ಏನೂ ಇಲ್ಲ ಅಂದಿದ್ದಾರೆ. ಆದರೆ ಬಟನ್ ಮುಟ್ಟುತ್ತಿಲ್ಲ. ಹಾಡನ್ನೂ ಹಚ್ಚುತ್ತಿಲ್ಲ.

"ನೀನ ಒತ್ತವಾ, ನನಗ ಅಂಜಿಕಿ ಬರತೈತಿ, ಅಂತಾರ್ರೀ," ಅಂದಳು ಪ್ರಮಿಳಾ.

ಅವರು ದಿನಾ ಕೇಳುವ ಮಟ್ಟ ಸರಿಯಾಗಿ ಮೂವತ್ತೊಂದು-ಮೂವತ್ತೆರಡರ ನಡುವೆ. ಸಂಜೆಯ ಖ್ಯಾಲು ಅಲ್ಲೇ ಕೂರುತ್ತದೆ.

ಶೈಸ್ತಾ ಫೋನ್ ಇಟ್ಟಳು. ನಾ ಹೇಳಿದ್ದೆ ಅಂತ ಅನ್ನಬಹುದಿತ್ತು. ಅನ್ನಲಿಲ್ಲ. ಹೊರಗಿನಿಂದ ಬಂದ ವಹಾಬ ಏನಾಗೇತಿ ಅಂದ. "ಸಣ್ಣ ಸೆಟ್ಟಿಂಗ್ ಅಬ್ಬಾ. ರವಿವಾರ ನಾನೂ ಕಾಕಾನೂ ಹೋಗಿ ಬರತೀವಿ."

ನಾ ಹೇಳಿದ್ದೆ ಅಂತ ಅಂದುಬಿಡಬಾರದೇ. ನನಗೆ ಎಷ್ಟು ಹಗುರಾಗುತ್ತಿತ್ತು.

೯ ಮಾರ್ಚ್, ರವಿವಾರ

ರೈಲಿನಲ್ಲಿ ಹೋದೆವು. ಆಕೆಗೆ ರೋಜಾ ಉಪವಾಸ. ನೀರಿಲ್ಲ. ನನ್ನ ಬಾಟಲಿ ಚೀಲದಲ್ಲೇ ಉಳಿಯಿತು.

ಗುರುಪಾದಪ್ಪ ಪಡಸಾಲೆಯಲ್ಲಿ ಕೂತಿದ್ದರು. ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿತ್ತು, ಕಚ್ಚುವ ನಾಯಿಯನ್ನು ಮುಚ್ಚಿಟ್ಟಂತೆ. ಬಾಗಿಲಲ್ಲಿ ಬಾಜುಮನೆಯ ಮುದುಕಿ, "ಕಾಯ್ ಝಾಲಂ ಗ ಪ್ರಮಿಳಾ," ಅಂತ ಏನಾಯಿತೆಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದಳು. ಢಪ್ ಅಲ್ಲಿವರೆಗೂ ಕೇಳಿಸಿತ್ತು.

ಶೈಸ್ತಾ ಲ್ಯಾಪ್‌ಟಾಪ್ ತೆಗೆದು ನೆಲದ ಮೇಲೆ ಕೂತಳು. ನನ್ನ ಪ್ರೋಗ್ರಾಮು ತೆರೆದಳು. ಆಕೆಯ ಚೀಲದಲ್ಲಿ ಆಕೆಯ ಬೋರ್ಡೂ ಇತ್ತು, ಬಾಯಿ ತೆರೆದ ಚೀಲ, ನನಗೆ ಕಾಣುತ್ತಿತ್ತು. ಹತ್ತು ನಿಮಿಷದ ಕೆಲಸ, ಬದಲಿಸಬಹುದಿತ್ತು. ಬದಲಿಸಲಿಲ್ಲ. ನಾಲ್ಕು ಸಾಲು ಬರೆದಳು. ಮೊದಲು ಹಿಡಿ, ತಡೆ, ಆಮೇಲೆ ಬಿಡು. ಮೂವತ್ತೊಂದು, ಮೂವತ್ತೆರಡು. ಟಿಕ್. ಅಷ್ಟೇ. ಮತ್ತೆ. ಟಿಕ್.

"ನಮ್ಮ ಕಡಿಂದ ತಪ್ಪಾಗಿತ್ರೀ ಅಜ್ಜಾರ. ಇನ್ನ ಬರೂದಿಲ್ಲ," ಅಂದಳು. ನಮ್ಮ ಕಡಿಂದ.

ಅವರು ಮುಟ್ಟಲು ಒಪ್ಪಲಿಲ್ಲ. ಆಕೆ ಅವರ ಮುಷ್ಟಿ ಹಿಡಿದು ಬಟನ್ ಮೇಲಿಟ್ಟು, ತನ್ನ ಕೈಯನ್ನೂ ಮೇಲಿಟ್ಟು, ಒಟ್ಟಿಗೆ ಒತ್ತಿದಳು. ಹತ್ತು ಸಲ. ಹನ್ನೊಂದನೆಯದಕ್ಕೆ ತನ್ನ ಕೈ ತೆಗೆದಳು. ಅವರಿಗೆ ತಿಳಿಯಲೇ ಇಲ್ಲ. ಅಡುಗೆಮನೆಯಿಂದ ಪ್ರಮಿಳಾ ಇಣುಕಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು.

ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಭಾರೀ ದಣಿವಿನ ಕೆಲಸ ಸಭಿಕರೇ. ಎಲ್ಲಿಯೂ ಹಿಡಿಕೆ ಇಲ್ಲ.

ವಾಪಸು ಬರುವಾಗ ಕಿಟಕಿಯ ಹತ್ತಿರ ಕೂತಿದ್ದಳು.

"ಕಾಕಾ, ಖರೇ ಹೇಳ್ರಿ. ನಂದು ಎಲ್ಲಿ ಸೋತಿತು? ಅಬ್ಬಾಗ ಕೇಳಿದರ, ಬಿಂದೂನ್ನ ಕೇಳು, ಅಂವಗ ಕಿವಿ ಐತಿ, ಅಂತಾರ. ಅಳದೆ, ಬಿಚ್ಚಿದೆ, ಮತ್ತ ಕಟ್ಟಿದೆ. ಎಲ್ಲಾ ಬರೋಬರಿ ಐತಿ. ಮತ್ತ ನಾಕೂ ಮಂದಿ ಕೈ ಎತ್ತಲಿಲ್ಲ."

ಇಲ್ಲಿ ಹೇಳಬೇಕಾಗಿತ್ತು. ರೈಲು, ಖಾಲಿ ಡಬ್ಬಿ, ಆಕೆ ಮತ್ತು ನಾನು. ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

"ಅಳದರ ಸಿಗೂದಲ್ಲ ಬೇಟಾ ಅದು," ಅಂದೆ. "ನಿನ್ನದರಾಗ ಜೀವ ಇಲ್ಲ."

ಆಕೆ ತಲೆಯಾಡಿಸಿದಳು. ನಂಬಿದಳು. ಹೊರಗೆ ನೋಡುತ್ತ ಕೂತಳು. "ಹಂಗಾರ ನನಗ ಕಿವೀನ ಇಲ್ಲ ಅನ್ರಿ. ಕಿವಿ ಇಲ್ಲದಾಕಿ ಈ ಕೆಲಸ ಮಾಡಬಾರದು," ಅಂದಳು. ಅಳಲಿಲ್ಲ. ಲೆಕ್ಕ ಮುಗಿಸಿದವರ ಹಾಗೆ ಅಂದಳು.

೧೨ ಮಾರ್ಚ್

ಶೈಸ್ತಾ ಕೌಂಟರಿಗೆ ಕೂತಿದ್ದಾಳೆ. ಬಿಲ್ಲು ಮಾಡುತ್ತಾಳೆ, ಫೋನ್ ಎತ್ತುತ್ತಾಳೆ, ಟೇಬಲ್ಲಿನ ಕಡೆ ಬರುವುದಿಲ್ಲ. ನಾನು ಬೇಡಿದ್ದೆಲ್ಲ ಸಿಕ್ಕಿದೆ. ರಶೀದಿ ಸಮೇತ.

ವಹಾಬ ನನ್ನ ಬಾಜು ಕೂತು ಒಂದು ಡಯೋಡನ್ನು ತಿರುಗಿಸುತ್ತಿದ್ದ, ಸುಮ್ಮನೆ. ಉಪವಾಸದಲ್ಲಿ ಮಾತು ಕಡಿಮೆ. ಆಮೇಲೆ ಹೇಳಿದ. ಮಗಳಿಗೆ ಈ ಕೆಲಸದ ಹುಚ್ಚು ಹಿಡಿದದ್ದು ನೋಡಿ ತನಗೆಷ್ಟು ಹಿಗ್ಗಾಗಿತ್ತು ಅಂತ ಹೇಳಿದ. ನಮ್ಮಿಬ್ಬರ ನಂತರ ಈ ಟೇಬಲ್ಲು ಖಾಲಿ ಆಗುವುದಿಲ್ಲ ಅಂದುಕೊಂಡಿದ್ದೆ ಅಂದ. ಹುಬ್ಬಳ್ಳಿಯ ಯಾವುದೋ ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕುತ್ತಾಳಂತೆ. ಬೇಡ ಅಂತ ತಾನು ಹೇಳಲಿಲ್ಲವಂತೆ.

"ಯಾಕ ಹೇಳಲಿಲ್ಲ?"

"ನೀ ಹೇಳೀಯಲ್ಲ, ಜೀವ ಇಲ್ಲಂತ. ನೀ ಅಂದ ಮ್ಯಾಲ ಆತು. ಸುಳ್ಳ ಆಸೆ ಹಚ್ಚೂದು ಬ್ಯಾಡ."

ಸಿಟ್ಟಿಲ್ಲ ಆತನಲ್ಲಿ. ಕೃತಜ್ಞತೆ ಇತ್ತು. ಮಗಳಿಗೆ ಮುಖ ನೋಡದೆ ಖರೇ ಹೇಳಿದ್ದಕ್ಕೆ.

ಪ್ರಾಸ ಬರೆಯಲು ಕೂತೆ. 'ಜೀವ' ಅಂತ ಬರೆದು ಹೊಡೆದುಹಾಕಿದೆ.

೧೩ ಮಾರ್ಚ್, ಸಂಜೆ. ಅಂಗಡಿ

ಹೇಳಿದೆ.

ಐದೂವರೆ ಇರಬೇಕು. ಇಬ್ಬರೂ ಇದ್ದರು. ಮೊದಲು ಭಾಷಣದ ನಮೂನಿ ಸುರು ಮಾಡಿದೆ — ಮಾನ್ಯ ಮಹನೀಯರೇ ಅಂತ. ವಹಾಬ ನಗಲು ತಯಾರಾಗಿದ್ದ. ಶೈಸ್ತಾ ಬಿಲ್ಲಿನಿಂದ ತಲೆ ಎತ್ತಿರಲಿಲ್ಲ.

"ಆಕಿ ಸೋತಿಲ್ಲ, ವಹಾಬ. ನಂದು ಒಂದು ಮೆಟ್ಟಿಲು ಜೋರು ಇಟ್ಟಿದ್ದೆ. ನೀ ಚಹಾ ಹೇಳಾಕ ಹೋದಾಗ. ಬೇಕಂತ."

ವಹಾಬನ ಮುಖ ಇನ್ನೂ ನಗೆಯ ತಯಾರಿಯಲ್ಲೇ ಇತ್ತು, ಇಳಿಯಲು ಹೊತ್ತು ಹಿಡಿಯಿತು. ಶೈಸ್ತಾ ಎದ್ದಳು. ಕೌಂಟರಿನ ಕೆಳಗಿನ ಖಣದಿಂದ ತನ್ನ ಬೋರ್ಡು ತೆಗೆದು ಟೇಬಲ್ಲಿಗೆ ಬಂದಳು. ನನ್ನ ಕಡೆ ನೋಡಲಿಲ್ಲ. ವೈರು ಹಚ್ಚಿದಳು, ಹಾಡು ಹಚ್ಚಿದಳು, ಏರಿಸಿದಳು, ಇಳಿಸಿದಳು. ತನ್ನ ಕಿವಿಯಿಂದ ತಾನೇ ಕೇಳಿದಳು. ಬಹಳ ಹೊತ್ತು.

"ಯಾಕಲೇ?" ಅಂದ ವಹಾಬ.

ಸ್ವರ ಏರಿಸಿ ಕೇಳಿದ್ದರೆ ಚೆನ್ನಾಗಿತ್ತು.

ರಿಲೇ ಮೇಲೆ ನಂಬಿಕೆ, ಚಿಪ್ಪಿನ ಮೇಲೆ ಸಂಶಯ, ಹಳೇ ಪದ್ಧತಿ — ಏನೇನೋ ಹೇಳಿದೆ. ಆತ ಕೇಳಿಸಿಕೊಂಡ. ಉಪವಾಸ ಬಿಡುವ ಹೊತ್ತಾಯಿತು ಅಂತ ಎದ್ದ. ಮಗಳನ್ನು ಕರೆದುಕೊಂಡು ಹೋದ. ನನಗೆ ಬರತೀನಿ ಅಂತ ಹೇಳಲಿಲ್ಲ. ಯಾವತ್ತೂ ಹೇಳದೆ ಹೋದವನಲ್ಲ.

ಷಟರ್ ಅರ್ಧ ಇಳಿಸಿದ್ದೇನೆ. ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ...

ಇಲ್ಲ. ಯಾವ ಸಭೆಯೂ ಇಲ್ಲ ಇಲ್ಲಿ. ಆತ ಯಾಕೆ ಅಂತ ಕೇಳಿದ, ನಾನು ರಿಲೇ ಕಥೆ ಹೇಳಿದೆ. ರಿಲೇ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಆಕೆಯ ಬೋರ್ಡು ಹೆಚ್ಚು ಚೆನ್ನಾಗಿದೆ, ಮೊದಲ ದಿನ ಒತ್ತಿದಾಗಲೇ ಗೊತ್ತಾಗಿತ್ತು. ನಾನು ಗೆಲ್ಲಬೇಕಂತ ಮಾಡಿದ್ದೂ ಅಲ್ಲ. ವಹಾಬ ಇನ್ನೊಬ್ಬರ ಬಾಜು ಕೂತು ಹಾಗೆ ನಗುವುದು ನನಗೆ ತಡೆಯಲಾಗಲಿಲ್ಲ. ಸ್ವಂತ ಮಗಳಾದರೂ. ನಾನಿಲ್ಲದೆ ನಗುತ್ತಾನೆ ಅಂತ. ನಾಲ್ವತ್ತಾರು ವರ್ಷದವ ನಾನು, ಇದನ್ನು ಅವನಿಗೆ ಯಾವ ಬಾಯಿಂದ ಹೇಳಲಿ?